ನೀರಿನಲ್ಲಿ ಏರೋಬಿಕ್ ವ್ಯಾಯಾಮ ಮತ್ತು ಮಹಿಳೆಯರ ಕೊಲೆಸ್ಟರಾಲ್ ಆರೋಗ್ಯ: ಸಾರ್ವಜನಿಕ ಮಾಹಿತಿ

ಚನ್ನರಾಯಪಟ್ಟಣ ಹೋಬಳಿ, ದೇವನಹಳ್ಳಿ ತಾಲ್ಲೂಕಿನ ನಾಗರಿಕರ ಗಮನಕ್ಕೆ

1. ಪೀಠಿಕೆ

ರಕ್ತದಲ್ಲಿನ ಕೊಬ್ಬಿನಂಶದ ಏರುಪೇರು ಮಹಿಳೆಯರಲ್ಲಿ ಹೃದಯಾಘಾತ ಹಾಗೂ ಪಾರ್ಶ್ವವಾಯುವಿಗೆ ಪ್ರಮುಖ ಕಾರಣಗಳಲ್ಲಿ ಒಂದಾಗಿದೆ. ಇದನ್ನು ಹತೋಟಿಯಲ್ಲಿಡಲು ದೈಹಿಕ ವ್ಯಾಯಾಮವು ಅವಶ್ಯಕವೆಂದು ವೈದ್ಯರು ಸಲಹೆ ನೀಡುತ್ತಾರೆ. ಆದರೆ ಮಂಡಿನೋವು, ಸೊಂಟನೋವು ಅಥವಾ ಅಧಿಕ ತೂಕವುಳ್ಳ ಅನೇಕ ಮಹಿಳೆಯರು ವೇಗವಾಗಿ ನಡೆಯಲಾಗದೆ ವ್ಯಾಯಾಮವನ್ನೇ ಕೈಬಿಡುತ್ತಾರೆ. ಅಂತಹವರಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಮಾಡುವ ಏರೋಬಿಕ್ ವ್ಯಾಯಾಮವು ಉತ್ತಮ ಮಾರ್ಗವಾಗಿದೆ.

ಈ ವ್ಯಾಯಾಮದ ವಿಧಾನ, ಅದರಿಂದ ದೊರೆಯುವ ಪ್ರಯೋಜನ ಹಾಗೂ ಅದರ ಮಿತಿ, ಯಾರು ಮಾಡಬಾರದು, ಈಜುಕೊಳದ ಸೌಲಭ್ಯವಿಲ್ಲದವರು ಏನು ಮಾಡಬೇಕು, ಕೊಲೆಸ್ಟರಾಲ್ ಪರೀಕ್ಷೆಯನ್ನು ಪಡೆಯುವ ಬಗೆ ಹೇಗೆ ಎಂಬ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ. ಕೆರೆ, ಕೃಷಿ ಹೊಂಡ ಹಾಗೂ ಕಲ್ಲು ಗಣಿ ಗುಂಡಿಗಳಿಗೆ ಸಂಬಂಧಿಸಿದ ಎಚ್ಚರಿಕೆಯನ್ನು ಕ್ರಮಾಂಕ 7ರಲ್ಲಿ ನೀಡಲಾಗಿದ್ದು, ಅದನ್ನು ತಪ್ಪದೆ ಓದಿಕೊಳ್ಳಲು ಕೋರಲಾಗಿದೆ.

ವಿಶೇಷ ಸೂಚನೆ: ಇಲ್ಲಿ ಚನ್ನರಾಯಪಟ್ಟಣ ಎಂದರೆ ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಹಾಸನ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಕೇಂದ್ರವಿದ್ದು, ಅಲ್ಲಿನ ನಾಗರಿಕರು ಸೇವೆಗಳಿಗಾಗಿ ತಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.

2. ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ಮೇಣದಂತಹ ಒಂದು ಕೊಬ್ಬಿನ ಪದಾರ್ಥ. ಜೀವಕೋಶಗಳ ಹೊರಪದರ, ಹಾರ್ಮೋನುಗಳು ಹಾಗೂ ಪಿತ್ತರಸದ ಉತ್ಪತ್ತಿಗೆ ಇದು ಬೇಕು. ಇದರ ಹೆಚ್ಚಿನ ಭಾಗವನ್ನು ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಉಳಿದುದು ಆಹಾರದಿಂದ ಬರುತ್ತದೆ. ಕೊಬ್ಬು ರಕ್ತದಲ್ಲಿ ಕರಗದ ಕಾರಣ ಪ್ರೋಟೀನಿನೊಡನೆ ಕೂಡಿ ಸಣ್ಣ ಕಣಗಳ ರೂಪದಲ್ಲಿ ಸಂಚರಿಸುತ್ತದೆ. ಪರೀಕ್ಷಾ ವರದಿಯಲ್ಲಿ ಕಾಣುವ ಹೆಸರುಗಳ ಅರ್ಥ ಈ ಕೆಳಕಂಡಂತಿದೆ.

- ಎಲ್‌ಡಿಎಲ್: ರಕ್ತನಾಳಗಳ ಒಳಗೋಡೆಯಲ್ಲಿ ಸಂಗ್ರಹವಾಗಿ ನಾಳಗಳನ್ನು ಕಿರಿದಾಗಿಸುತ್ತದೆ. ಇದನ್ನು ರೂಢಿಯಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುತ್ತಾರೆ. 100 ಮಿ.ಗ್ರಾಂ.ಗಿಂತ ಕಡಿಮೆಯಿರುವುದು ಒಳ್ಳೆಯದು; 160 ಮತ್ತು ಮೇಲ್ಪಟ್ಟು ಅಧಿಕ; 190 ಮತ್ತು ಮೇಲ್ಪಟ್ಟು ಅತ್ಯಧಿಕ.
- ಎಚ್‌ಡಿಎಲ್: ಹೆಚ್ಚುವರಿ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿ ಒಯ್ಯುತ್ತದೆ. ಮಹಿಳೆಯರಲ್ಲಿ ಇದು 50 ಮಿ.ಗ್ರಾಂ.ಗಿಂತ ಕಡಿಮೆಯಾದರೆ ಕೊರತೆಯೆಂದು ಪರಿಗಣಿಸಲಾಗುತ್ತದೆ. ಪುರುಷರಲ್ಲಿ ಈ ಮಿತಿ 40.
- ಟ್ರೈಗ್ಲಿಸರೈಡ್: ದೇಹ ಶಕ್ತಿಗಾಗಿ ಕೂಡಿಡುವ ಕೊಬ್ಬು. 150 ಮಿ.ಗ್ರಾಂ.ಗಿಂತ ಕಡಿಮೆಯಿರಬೇಕು. 500 ಮತ್ತು ಮೇಲ್ಪಟ್ಟಾಗ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವಿರುವುದರಿಂದ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.
- ಒಟ್ಟು ಕೊಲೆಸ್ಟರಾಲ್: 200 ಮಿ.ಗ್ರಾಂ.ಗಿಂತ ಕಡಿಮೆಯಿರುವುದು ಅಪೇಕ್ಷಣೀಯ.

ಮೇಲಿನ ಪ್ರಮಾಣಗಳು ಪ್ರತಿ ಡೆಸಿಲೀಟರ್ ರಕ್ತಕ್ಕೆ ಅನ್ವಯಿಸುತ್ತವೆ. ಮಧುಮೇಹ ಇರುವವರಿಗೆ ಮತ್ತು ಈಗಾಗಲೇ ಹೃದ್ರೋಗಕ್ಕೆ ತುತ್ತಾದವರಿಗೆ ಎಲ್‌ಡಿಎಲ್ ಮಿತಿ ಇನ್ನೂ ಕೆಳಗಿರುತ್ತದೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ಅಪಾಯದ ಗುಂಪಿನವರಲ್ಲಿ 70ಕ್ಕಿಂತ, ಅತಿ ಹೆಚ್ಚಿನ ಅಪಾಯದವರಲ್ಲಿ 55ಕ್ಕಿಂತ ಕಡಿಮೆಯಿರಬೇಕು. ತಾವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು.

ಒಟ್ಟು ಕೊಲೆಸ್ಟರಾಲಿನ ಒಂದೇ ಅಂಕಿಯನ್ನು ನೋಡಿ ಸಮಾಧಾನಪಡುವುದು ಸರಿಯಲ್ಲ. ಉದಾಹರಣೆಗೆ, ಒಬ್ಬ ಮಹಿಳೆಯ ಒಟ್ಟು ಕೊಲೆಸ್ಟರಾಲ್ 190, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210 ಎಂದಿರಲಿ. ಒಟ್ಟು ಅಂಕಿ 200ರ ಒಳಗಿದೆ. ಆದರೂ ರಕ್ಷಣೆ ನೀಡುವ ಎಚ್‌ಡಿಎಲ್ ಬಹಳ ಕಡಿಮೆಯಿದೆ, ಟ್ರೈಗ್ಲಿಸರೈಡ್ ಹೆಚ್ಚಿದೆ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಕಳೆದರೆ ಉಳಿಯುವುದು 154. ಸಾಮಾನ್ಯವಾಗಿ ಇದು 130ಕ್ಕಿಂತ ಕಡಿಮೆಯಿರಬೇಕು. ಆದ್ದರಿಂದ ವರದಿಯ ಎಲ್ಲಾ ಸಾಲುಗಳನ್ನೂ ವೈದ್ಯರಿಗೆ ತೋರಿಸಿ ವಿವರಣೆ ಪಡೆಯುವುದು.

3. ಮಹಿಳೆಯರು ಏಕೆ ವಿಶೇಷ ಗಮನ ನೀಡಬೇಕು?

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಮಹಿಳೆಯರಿಗೆ ಒಂದು ಮಟ್ಟದ ರಕ್ಷಣೆ ನೀಡುತ್ತದೆ. ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹೀರಿಕೊಳ್ಳಲು ಇದು ನೆರವಾಗುತ್ತದೆ. ಋತುಬಂಧದ ಸಮಯದಲ್ಲಿ ಈ ಹಾರ್ಮೋನು ಕಡಿಮೆಯಾಗುವುದರಿಂದ ಆಹಾರದಲ್ಲಿ ಯಾವ ಬದಲಾವಣೆ ಇಲ್ಲದಿದ್ದರೂ ಎಲ್‌ಡಿಎಲ್ ಏರತೊಡಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುತ್ತದೆ. ಭಾರತದ ಮಹಿಳೆಯರಲ್ಲಿ ಋತುಬಂಧವು ಸರಾಸರಿ 46–47ನೇ ವಯಸ್ಸಿನಲ್ಲಿ, ಅಂದರೆ ಪಾಶ್ಚಾತ್ಯ ದೇಶಗಳ ಮಹಿಳೆಯರಿಗಿಂತ ಕೆಲವು ವರ್ಷ ಮೊದಲೇ, ಆಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಲ್ಲಿ ಈ ರಕ್ಷಣೆ ಒಮ್ಮೆಗೇ ನಿಂತುಹೋಗುತ್ತದೆ. ಅಂತಹವರು ವಯಸ್ಸು 35 ಇರಲಿ, 40 ಇರಲಿ, ಪರೀಕ್ಷೆಯನ್ನು ಮುಂದೂಡಬಾರದು.

ಥೈರಾಯ್ಡ್ ಕೊರತೆ, ಮಧುಮೇಹ, ಗರ್ಭಿಣಿಯಾಗಿದ್ದಾಗ ಕಾಣಿಸಿಕೊಂಡಿದ್ದ ಸಕ್ಕರೆ ಅಥವಾ ರಕ್ತದೊತ್ತಡದ ತೊಂದರೆ, ಅಂಡಾಶಯದಲ್ಲಿ ನೀರುಗುಳ್ಳೆ ಹಾಗೂ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ, ಇವೆಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 81.2ರಷ್ಟು ಮಂದಿಯಲ್ಲಿ ರಕ್ತದ ಕೊಬ್ಬಿನಂಶದ ಯಾವುದಾದರೊಂದು ಏರುಪೇರು ಕಂಡುಬಂದಿದೆ. 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ಮಹಿಳೆಯರಲ್ಲಿ ಶೇ. 57ರಷ್ಟು, ಪುರುಷರಲ್ಲಿ ಶೇ. 42ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ.

ದೇವನಹಳ್ಳಿ ತಾಲ್ಲೂಕಿನಲ್ಲಿ ದ್ರಾಕ್ಷಿ, ಹಿಪ್ಪುನೇರಳೆ, ರಾಗಿ, ಹೂವು ಹಾಗೂ ತರಕಾರಿ ಬೆಳೆಗಳ ಕೆಲಸದಲ್ಲಿ ತೊಡಗಿರುವ ಮಹಿಳೆಯರಿಗೆ ದೈಹಿಕ ಶ್ರಮದ ಕೊರತೆಯಿಲ್ಲ. ಆದರೆ 2008ರಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾದ ನಂತರ ಸುತ್ತಲಿನ ಗ್ರಾಮಗಳ ಬದುಕು ಬದಲಾಗಿದೆ. ಹೊಲದ ಕೆಲಸ ಬಿಟ್ಟು ಹೊಲಿಗೆ ಯಂತ್ರದ ಮುಂದೆ, ಅಂಗಡಿಯಲ್ಲಿ ಅಥವಾ ಕಚೇರಿಯಲ್ಲಿ ದಿನವಿಡೀ ಕುಳಿತು ದುಡಿಯುವವರು ಹೆಚ್ಚಿದ್ದಾರೆ. ಊಟದ ಪ್ರಮಾಣ ಹಾಗೆಯೇ ಉಳಿದು ಶ್ರಮ ಕಡಿಮೆಯಾದಾಗ ಅದರ ಪರಿಣಾಮವು ಮೊದಲು ಸೊಂಟದ ಸುತ್ತಳತೆಯಲ್ಲಿ, ಬಳಿಕ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ.

4. ನೀರಿನಲ್ಲಿ ವ್ಯಾಯಾಮ ಹೇಗೆ ಕೆಲಸ ಮಾಡುತ್ತದೆ?

ಈ ವ್ಯಾಯಾಮಕ್ಕೆ ಈಜು ಬರಬೇಕೆಂದಿಲ್ಲ. ಸೊಂಟದಿಂದ ಎದೆಮಟ್ಟದವರೆಗಿನ ನೀರಿನಲ್ಲಿ, ಪಾದಗಳು ನೆಲಕ್ಕೆ ತಾಗುವಂತೆ ನಿಂತು, ತರಬೇತುದಾರರ ಸೂಚನೆಯಂತೆ ಕೈಕಾಲುಗಳನ್ನು ಲಯಬದ್ಧವಾಗಿ ಆಡಿಸುವುದೇ ಇದರ ಕ್ರಮ. ಇದರ ಹಿಂದಿನ ತತ್ವ ಮೂರು.

(ಅ) ನೀರು ದೇಹದ ಭಾರವನ್ನು ಹೊರುತ್ತದೆ. ಸೊಂಟಮಟ್ಟದ ನೀರಿನಲ್ಲಿ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ, ಎದೆಮಟ್ಟದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ, ಕುತ್ತಿಗೆಮಟ್ಟದಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 60 ಕೆ.ಜಿ. ತೂಕದ ಮಹಿಳೆಯ ಮಂಡಿಗಳು ಎದೆಮಟ್ಟದ ನೀರಿನಲ್ಲಿ ಸುಮಾರು 20 ಕೆ.ಜಿ. ಭಾರವನ್ನಷ್ಟೇ ಹೊರುತ್ತವೆ.

(ಆ) ನೀರು ಚಲನೆಯನ್ನು ತಡೆಯುತ್ತದೆ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರವಾದುದು. ಕೈಯನ್ನು ವೇಗವಾಗಿ ತಳ್ಳಿದಷ್ಟೂ ನೀರಿನ ತಡೆ ಹೆಚ್ಚುತ್ತದೆ. ವೇಗವನ್ನು ಎರಡರಷ್ಟು ಮಾಡಿದರೆ ತಡೆಯು ಸುಮಾರು ನಾಲ್ಕರಷ್ಟಾಗುತ್ತದೆ. ಹೀಗಾಗಿ ಯಾವ ಉಪಕರಣವೂ ಇಲ್ಲದೆ ಸ್ನಾಯುಗಳಿಗೆ ಕೆಲಸ ದೊರೆಯುತ್ತದೆ. ಶ್ರಮ ಹೆಚ್ಚಾಯಿತೆನಿಸಿದಾಗ ಕೈಯನ್ನು ನಿಧಾನಿಸಿದರೆ ಸಾಕು.

(ಇ) ನೀರಿನ ಒತ್ತಡವು ಕಾಲುಗಳಲ್ಲಿನ ರಕ್ತವನ್ನು ಎದೆಯ ಭಾಗಕ್ಕೆ ತಳ್ಳುತ್ತದೆ. ಇದರಿಂದ ಹೃದಯವು ಪ್ರತಿ ಬಡಿತದಲ್ಲಿ ಹೆಚ್ಚು ರಕ್ತವನ್ನು ಹೊರದೂಡುತ್ತದೆ, ನಾಡಿಯ ವೇಗ ನೆಲದ ಮೇಲಿನದಕ್ಕಿಂತ ತುಸು ಕಡಿಮೆಯಿರುತ್ತದೆ. ಆದ್ದರಿಂದ ನೀರಿನಲ್ಲಿ ನಾಡಿ ಎಣಿಸಿ ಶ್ರಮವನ್ನು ಅಳೆಯುವುದು ಸೂಕ್ತವಲ್ಲ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದೇ ಮಧ್ಯಮ ಶ್ರಮದ ಗುರುತು.

ಕೊಲೆಸ್ಟರಾಲಿಗೂ ಇದಕ್ಕೂ ಇರುವ ಸಂಬಂಧ ಹೀಗಿದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಟ್ರೈಗ್ಲಿಸರೈಡನ್ನು ಒಡೆದು ಇಂಧನವಾಗಿ ಬಳಸುತ್ತವೆ. ಈ ಕಾರ್ಯ ಮಾಡುವ ಕಿಣ್ವವು ವ್ಯಾಯಾಮದ ನಂತರ ಒಂದೆರಡು ದಿನ ಚುರುಕಾಗಿರುತ್ತದೆ, ಬಳಿಕ ಕುಗ್ಗುತ್ತದೆ. ವಾರಕ್ಕೊಮ್ಮೆ ಮೂರು ಗಂಟೆ ಮಾಡುವುದಕ್ಕಿಂತ ವಾರದಲ್ಲಿ ಮೂರು ದಿನ ಒಂದೊಂದು ಗಂಟೆ ಮಾಡುವುದು ಉಪಯುಕ್ತವೆನ್ನುವುದಕ್ಕೆ ಇದೇ ಕಾರಣ.

5. ಸಂಶೋಧನೆಗಳು ಏನನ್ನು ತಿಳಿಸುತ್ತವೆ?

ಜಪಾನಿನಲ್ಲಿ 60ರಿಂದ 75 ವರ್ಷದ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾರಕ್ಕೆ 3 ದಿನ, ದಿನಕ್ಕೆ 70 ನಿಮಿಷದಂತೆ 12 ವಾರಗಳ ಕಾಲ ನೀರಿನಲ್ಲಿ ವ್ಯಾಯಾಮ ಮಾಡಿಸಲಾಯಿತು. ಅವಧಿಯ ಕೊನೆಯಲ್ಲಿ ಅವರ ಒಟ್ಟು ಕೊಲೆಸ್ಟರಾಲ್ ಸರಾಸರಿ ಶೇ. 11ರಷ್ಟು, ಎಲ್‌ಡಿಎಲ್ ಶೇ. 17ರಷ್ಟು ಇಳಿದಿತ್ತು. ಎಲ್‌ಡಿಎಲ್ 150 ಇರುವವರಲ್ಲಿ ಶೇ. 17ರ ಇಳಿಕೆಯೆಂದರೆ ಅದು ಸುಮಾರು 125ಕ್ಕೆ ಬಂದಂತೆ. ಬ್ರೆಜಿಲ್ ದೇಶದಲ್ಲಿಯೂ ಕೊಬ್ಬಿನಂಶದ ಏರುಪೇರಿದ್ದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನಗಳು ಪ್ರಯೋಜನವನ್ನು ಕಂಡಿವೆ.

ಆದರೆ ಇವು ಕೆಲವೇ ಮಹಿಳೆಯರನ್ನು ಒಳಗೊಂಡ, ತರಬೇತುದಾರರ ನೇರ ನಿಗಾದಲ್ಲಿ ನಡೆದ ಸಣ್ಣ ಅಧ್ಯಯನಗಳು. ಎಲ್ಲರಿಗೂ ಇಷ್ಟೇ ಫಲ ದೊರೆಯುವುದೆಂದು ಭಾವಿಸಬಾರದು. ವ್ಯಾಯಾಮದಿಂದ ಟ್ರೈಗ್ಲಿಸರೈಡ್ ಇಳಿಯುವುದು ಮತ್ತು ಎಚ್‌ಡಿಎಲ್ ತುಸು ಏರುವುದು ಹೆಚ್ಚು ಸಾಮಾನ್ಯ. ಎಲ್‌ಡಿಎಲ್ ಇಳಿಕೆಗೆ ಆಹಾರ ನಿಯಂತ್ರಣವೂ, ಅಗತ್ಯವಿದ್ದಲ್ಲಿ ಔಷಧಿಯೂ ಬೇಕು. ನೀರಿಗೆ ಕೊಲೆಸ್ಟರಾಲನ್ನು ಕರಗಿಸುವ ವಿಶೇಷ ಗುಣವೇನೂ ಇಲ್ಲ. ಮಂಡಿ ನೋಯಿಸದೆ ಮುಕ್ಕಾಲು ಗಂಟೆ ಶ್ರಮಪಡಲು ಅವಕಾಶ ಕೊಡುವುದೇ ಅದರ ಹಿರಿಮೆ.

6. ವ್ಯಾಯಾಮದ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು. ವಾರಕ್ಕೆ 3 ದಿನ, ದಿನಕ್ಕೆ 50 ನಿಮಿಷ ಮಾಡಿದರೆ ಕನಿಷ್ಠ ಪ್ರಮಾಣ ಪೂರೈಸುತ್ತದೆ. ಒಂದು ದಿನದ ಕ್ರಮ ಈ ಕೆಳಕಂಡಂತಿರಬಹುದು.

1. ಮೊದಲ 10 ನಿಮಿಷ: ಕೊಳದ ಅಂಚಿನ ಕಂಬಿಯನ್ನು ಹಿಡಿದು ನೀರಿನಲ್ಲಿ ನಿಧಾನವಾಗಿ ಮುಂದಕ್ಕೆ, ಹಿಂದಕ್ಕೆ ಹಾಗೂ ಪಕ್ಕಕ್ಕೆ ನಡೆಯುವುದು.
2. ನಂತರದ 30 ನಿಮಿಷ: ಮಂಡಿಗಳನ್ನು ಒಂದಾದ ಮೇಲೊಂದು ಎತ್ತಿ ನಿಂತಲ್ಲೇ ಓಡುವುದು, ಕೈಕಾಲುಗಳನ್ನು ಏಕಕಾಲಕ್ಕೆ ಅಗಲಿಸಿ ಕೂಡಿಸುವುದು, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಕತ್ತರಿಯಂತೆ ಬದಲಿಸುವುದು, ಅಂಗೈಯಿಂದ ನೀರನ್ನು ಮುಂದಕ್ಕೆ ತಳ್ಳಿ ಎಳೆದುಕೊಳ್ಳುವುದು. ಪ್ರತಿಯೊಂದನ್ನೂ 2–3 ನಿಮಿಷ ಮಾಡಿ, ನಡುವೆ ಅರ್ಧ ನಿಮಿಷ ನಿಧಾನವಾಗಿ ನಡೆಯುವುದು.
3. ಕೊನೆಯ 10 ನಿಮಿಷ: ವೇಗ ತಗ್ಗಿಸಿ, ತೊಡೆ, ಮೀನಖಂಡ ಹಾಗೂ ಭುಜಗಳನ್ನು ಹಿಗ್ಗಿಸುವುದು. ನೀರಿನಿಂದ ಏಕಾಏಕಿ ಮೇಲೆದ್ದು ಬರಬಾರದು, ತಲೆಸುತ್ತು ಬರಬಹುದು.

ಹೊಸದಾಗಿ ಆರಂಭಿಸುವವರು ಮೊದಲ ಎರಡು ವಾರ 20–25 ನಿಮಿಷಗಳಿಗೆ ಸೀಮಿತಗೊಳಿಸಿ ಕ್ರಮೇಣ ಹೆಚ್ಚಿಸುವುದು. 12 ವಾರಗಳ ನಂತರ ರಕ್ತ ಪರೀಕ್ಷೆಯನ್ನು ಮತ್ತೆ ಮಾಡಿಸಿ ಹೋಲಿಸಿ ನೋಡುವುದು.

ಉಡುಪು: ಸೀರೆ, ನೈಟಿ, ದುಪಟ್ಟಾ ಹಾಗೂ ಹತ್ತಿಯ ಚೂಡಿದಾರವನ್ನು ಧರಿಸಿ ಕೊಳಕ್ಕಿಳಿಯಬಾರದು. ಇವು ನೀರು ಹೀರಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಪೂರ್ಣ ತೋಳು ಹಾಗೂ ಪಾದದವರೆಗಿನ ಉದ್ದವುಳ್ಳ ನೈಲಾನ್ ಈಜುಡುಪುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಸಂಕೋಚದ ಕಾರಣಕ್ಕೆ ಹಿಂಜರಿಯುವವರು ಇಂತಹ ಉಡುಪನ್ನು ಬಳಸಬಹುದು; ಮಹಿಳೆಯರಿಗೆ ಪ್ರತ್ಯೇಕ ಅವಧಿ ಹಾಗೂ ಮಹಿಳಾ ತರಬೇತುದಾರರು ಇರುವರೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಬಹುದು.

ಈಜುಕೊಳದ ಆಯ್ಕೆ: ಆಳದ ಗುರುತುಗಳು, ಹಿಡಿಕಂಬಿ, ಜಾರದ ಮೆಟ್ಟಿಲು, ಜೀವರಕ್ಷಕ ಸಿಬ್ಬಂದಿ ಹಾಗೂ ಬಟ್ಟೆ ಬದಲಿಸುವ ಕೊಠಡಿ ಇರತಕ್ಕದ್ದು. ತಳ ಸ್ಪಷ್ಟವಾಗಿ ಕಾಣುವಷ್ಟು ನೀರು ತಿಳಿಯಾಗಿರಬೇಕು. ಕ್ಲೋರಿನ್ ಹಾಗೂ ಆಮ್ಲೀಯತೆಯ ದಿನವಹಿ ದಾಖಲೆಯನ್ನು ತೋರಿಸುವಂತೆ ಕೇಳಿ ನೋಡುವುದು. ನೀರಿನ ಉಷ್ಣತೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಅನುಕೂಲ. ಡಿಸೆಂಬರ್ ಮತ್ತು ಜನವರಿ ತಿಂಗಳ ಮುಂಜಾನೆ ಈ ಭಾಗದಲ್ಲಿ ನೀರು ಬಹಳ ತಣ್ಣಗಿರುವುದರಿಂದ ಹೃದಯ ಸಂಬಂಧಿ ತೊಂದರೆ ಇರುವವರು ಬಿಸಿಲೇರಿದ ನಂತರವೇ ಇಳಿಯುವುದು.

7. ಎಚ್ಚರಿಕೆ: ಕೆರೆ, ಕೃಷಿ ಹೊಂಡ, ಬಾವಿ ಮತ್ತು ಗಣಿ ಗುಂಡಿಗಳಲ್ಲಿ ವ್ಯಾಯಾಮ ಸಲ್ಲದು

ಗ್ರಾಮೀಣ ಪ್ರದೇಶದಲ್ಲಿ ಈಜುಕೊಳ ಸುಲಭವಾಗಿ ದೊರೆಯುವುದಿಲ್ಲ. ಹಾಗೆಂದು ಹತ್ತಿರದ ಕೆರೆ ಅಥವಾ ಹೊಂಡಕ್ಕೆ ಇಳಿಯುವುದು ಪ್ರಾಣಕ್ಕೆ ಅಪಾಯ. ಕಾರಣಗಳು ಈ ಕೆಳಕಂಡಂತಿವೆ.

- ಕೃಷಿ ಹೊಂಡಗಳಿಗೆ ಹಾಸಿರುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಪಾಚಿ ಬೆಳೆದು ಜಾರುತ್ತದೆ. ಒಮ್ಮೆ ಜಾರಿದರೆ ಇಳಿಜಾರಿನ ಅಂಚನ್ನು ಹಿಡಿದು ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ.
- ಹೂಳು ತೆಗೆದ ಕೆರೆಗಳಲ್ಲಿ ಆಳ ಒಂದೇ ಸಮನಾಗಿರುವುದಿಲ್ಲ. ಮೊಣಕಾಲುಮಟ್ಟದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರಬಹುದು.
- ಕಲ್ಲು ಗಣಿ ಗುಂಡಿಗಳ ಅಂಚು ಕಡಿದಾಗಿದ್ದು, ಕಾಲೂರಲು ಆಸರೆ ಇರುವುದಿಲ್ಲ.
- ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಈ ಭಾಗದ ಕೆಲವು ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲ ಮರುಪೂರಣವೇ ಇದರ ಉದ್ದೇಶ. ಸ್ನಾನಕ್ಕಾಗಲಿ, ವ್ಯಾಯಾಮಕ್ಕಾಗಲಿ ಈ ನೀರು ಸೂಕ್ತವಲ್ಲ.

ಯಾರಾದರೂ ನೀರಿಗೆ ಬಿದ್ದುದು ಕಂಡಲ್ಲಿ ತಾವೂ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು, ಮೂವರು ಜೀವ ಕಳೆದುಕೊಂಡ ಘಟನೆಗಳು ಮರುಕಳಿಸುತ್ತಿವೆ. ದಡದಲ್ಲೇ ನಿಂತು ಹಗ್ಗ, ಬಿದಿರು ಗಳ, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನ್ ಅಥವಾ ಸೀರೆಯನ್ನು ಎಸೆಯುವುದು, ಕೂಗಿ ಜನರನ್ನು ಸೇರಿಸುವುದು, 112 ಅಥವಾ 108ಕ್ಕೆ ಕರೆ ಮಾಡುವುದು.

8. ಯಾರು ವೈದ್ಯರ ಅನುಮತಿಯಿಲ್ಲದೆ ಮಾಡಬಾರದು?

1. ಇತ್ತೀಚೆಗೆ ಹೃದಯಾಘಾತ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದವರು; ನಡೆದಾಗ ಎದೆನೋವು ಅಥವಾ ಉಬ್ಬಸ ಬರುವವರು.
2. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು.
3. ಮೂರ್ಛೆ ರೋಗ ಇರುವವರು. ಕ್ರಮವಾಗಿ ಮಾತ್ರೆ ಸೇವಿಸುತ್ತಿದ್ದರೂ ಒಬ್ಬರೇ ನೀರಿಗಿಳಿಯಬಾರದು.
4. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಪಡೆಯುವವರು. ಸಕ್ಕರೆಯ ಅಂಶ ಏಕಾಏಕಿ ಇಳಿಯಬಹುದು. ಖಾಲಿ ಹೊಟ್ಟೆಯಲ್ಲಿ ಇಳಿಯದೆ, ಬೆಲ್ಲ ಅಥವಾ ಗ್ಲೂಕೋಸ್ ಜೊತೆಗಿಟ್ಟುಕೊಳ್ಳುವುದು. ಪಾದದಲ್ಲಿ ಗಾಯವಿದ್ದರೆ ಕೊಳಕ್ಕೆ ಇಳಿಯಲೇಬಾರದು.
5. ಗರ್ಭಿಣಿಯರು ಹಾಗೂ ಬಾಣಂತಿಯರು.

ಭೇದಿ, ಚರ್ಮದ ಸೋಂಕು, ಕಿವಿ ಸೋರುವಿಕೆ, ತೆರೆದ ಗಾಯ ಅಥವಾ ಜ್ವರವಿದ್ದಾಗ ಗುಣವಾಗುವವರೆಗೆ ಯಾರೂ ಕೊಳವನ್ನು ಬಳಸಬಾರದು.

9. ಈಜುಕೊಳದ ಸೌಲಭ್ಯವಿಲ್ಲದವರಿಗೆ

ಕೊಲೆಸ್ಟರಾಲ್ ದೃಷ್ಟಿಯಿಂದ ನೆಲದ ಮೇಲಿನ ವ್ಯಾಯಾಮವೂ ಅಷ್ಟೇ ಫಲಕಾರಿ. ಆದ್ದರಿಂದ ಕೊಳವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯುವುದು ಸಾಕು. ಒಮ್ಮೆಗೇ ಸಾಧ್ಯವಾಗದವರು ಬೆಳಿಗ್ಗೆ 15, ಸಂಜೆ 15 ನಿಮಿಷ ಮಾಡಬಹುದು. ನಾಲ್ಕೈದು ಮಂದಿ ಒಟ್ಟಾಗಿ, ವಾಹನ ಸಂಚಾರ ಕಡಿಮೆಯಿರುವ ದಾರಿಯಲ್ಲಿ ಅಥವಾ ಶಾಲಾ ಮೈದಾನದಲ್ಲಿ ನಡೆದರೆ ಸುರಕ್ಷಿತ. ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರು ಇದಕ್ಕಾಗಿ ಸಮಯ ಗೊತ್ತುಪಡಿಸಿಕೊಳ್ಳಬಹುದು. ಮಂಡಿನೋವು ಇರುವವರು ಕುರ್ಚಿಯ ಮೇಲೆ ಕುಳಿತು ಕಾಲು ನೀಡುವುದು, ಕುರ್ಚಿಯಿಂದ ಎದ್ದು ಕೂರುವುದು ಹಾಗೂ ಸೈಕಲ್ ತುಳಿಯುವುದನ್ನು ಅಭ್ಯಾಸ ಮಾಡಬಹುದು.

ಆಹಾರದ ವಿಷಯದಲ್ಲಿ ಈ ಭಾಗದ ರಾಗಿ ಮುದ್ದೆ, ಹುರುಳಿಕಾಳು, ಅವರೆಕಾಳು, ಸೊಪ್ಪಿನ ಸಾರುಗಳು ನಾರಿನಂಶವುಳ್ಳ ಉತ್ತಮ ಆಹಾರಗಳೇ. ತೊಂದರೆ ಹೆಚ್ಚಾಗಿ ಬರುವುದು ಕರಿದ ತಿಂಡಿ, ಬೇಕರಿ ಪದಾರ್ಥ, ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಸಕ್ಕರೆ ಹಾಗೂ ಒಂದೇ ಹೊತ್ತಿಗೆ ಅತಿಯಾಗಿ ಉಣ್ಣುವ ಬಿಳಿ ಅನ್ನದಿಂದ. ಅಡುಗೆ ಎಣ್ಣೆ ತಿಂಗಳಿಗೆ ತಲಾ ಅರ್ಧ ಕೆ.ಜಿ.ಯನ್ನು ಮೀರದಂತೆ ನೋಡಿಕೊಳ್ಳುವುದು. ಮನೆಯವರೆಲ್ಲರ ಊಟವಾದ ಮೇಲೆ ಉಳಿದುದು ವ್ಯರ್ಥವಾಗಬಾರದೆಂದು ಗೃಹಿಣಿಯರು ಹಸಿವಿಲ್ಲದಿದ್ದರೂ ಉಣ್ಣುವ ರೂಢಿಯನ್ನು ಬಿಡುವುದು ಒಳ್ಳೆಯದು.

10. ಪರೀಕ್ಷೆ ಮತ್ತು ಚಿಕಿತ್ಸೆ ಪಡೆಯುವ ವಿಧಾನ

(ಅ) ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಬೇರೆ ಹೆಸರಿನಲ್ಲಿ ಪ್ರಾರಂಭವಾಗಿ 2023ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರಡಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಉಚಿತವಾಗಿ ನಡೆಸಲಾಗುತ್ತದೆ.

(ಆ) ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಭರ್ತಿ ಮಾಡುವ ನಮೂನೆಯಲ್ಲಿ ವಯಸ್ಸು, ತಂಬಾಕು ಮತ್ತು ಮದ್ಯ ಸೇವನೆ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷಗಳ ಚಟುವಟಿಕೆ ಇದೆಯೇ ಹಾಗೂ ಮನೆತನದಲ್ಲಿ ಹೃದ್ರೋಗ ಮುಂತಾದವು ಇವೆಯೇ ಎಂಬ ಪ್ರಶ್ನೆಗಳಿರುತ್ತವೆ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿದರೆ 1 ಅಂಕ, 90 ಸೆಂ.ಮೀ. ಮೀರಿದರೆ 2 ಅಂಕ. ಒಟ್ಟು ಅಂಕ 4ಕ್ಕಿಂತ ಹೆಚ್ಚಾದವರು ಆದ್ಯತೆಯ ಮೇಲೆ ತಪಾಸಣೆಗೆ ಹೋಗತಕ್ಕದ್ದು. ಸಂಕೋಚದಿಂದ ತಪ್ಪು ಮಾಹಿತಿ ನೀಡಿದರೆ ನಷ್ಟ ತಮಗೇ.

(ಇ) ಮೇಲ್ಕಂಡ ತಪಾಸಣೆಯ ಪಟ್ಟಿಯಲ್ಲಿ ಕೊಲೆಸ್ಟರಾಲ್ ಸೇರಿರುವುದಿಲ್ಲ ಎಂಬುದನ್ನು ಗಮನಿಸುವುದು. ಸಕ್ಕರೆ ಹಾಗೂ ರಕ್ತದೊತ್ತಡ ಸರಿಯಿದೆ ಎಂದ ಮಾತ್ರಕ್ಕೆ ಕೊಲೆಸ್ಟರಾಲೂ ಸರಿಯಿದೆ ಎಂದು ಅರ್ಥವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಂಡು ಈ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರತಕ್ಕದ್ದು. ಅಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ತಾಲ್ಲೂಕು ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯುವುದು.

(ಈ) ತರಬೇಕಾದವು: ಗುರುತಿನ ಚೀಟಿ, ಪಡಿತರ ಚೀಟಿ, ಆಭಾ ಸಂಖ್ಯೆ ಇದ್ದಲ್ಲಿ ಅದರ ವಿವರ, ಹಳೆಯ ವರದಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳು. ಮೊದಲ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲವೆಂದು 2024ರ ಮಾರ್ಗಸೂಚಿ ತಿಳಿಸುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ವೈದ್ಯರು ಉಪವಾಸದ ಪರೀಕ್ಷೆ ಸೂಚಿಸಬಹುದು.

(ಉ) ಪ್ರಯಾಣ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ತಾಲ್ಲೂಕು ಆಸ್ಪತ್ರೆಗೆ ಹೋಗಲು ಇದರ ಪ್ರಯೋಜನ ಪಡೆಯುವುದು.

(ಊ) ಆಸ್ಪತ್ರೆಗೆ ದಾಖಲಾಗಬೇಕಾದ ಚಿಕಿತ್ಸೆಗೆ 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅನ್ವಯಿಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ ರೂ.ವರೆಗೆ ನೆರವು ಇದೆ. ಈಜುಕೊಳದ ಶುಲ್ಕವು ಇದರಲ್ಲಿ ಸೇರುವುದಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸ ಮಾಡುತ್ತೇನೆ. ಬೇರೆ ವ್ಯಾಯಾಮ ಬೇಕೇ?
ಉತ್ತರ: ಬಟ್ಟೆ ಒಗೆಯುವುದು, ನೀರು ಹೊರುವುದು, ಕಳೆ ಕೀಳುವುದು ಶ್ರಮದ ಕೆಲಸಗಳೇ ಹೌದು; ಉಸಿರು ವೇಗವಾಗುವಷ್ಟು ಮಾಡಿದ ಕೆಲಸವು 150 ನಿಮಿಷಗಳ ಲೆಕ್ಕಕ್ಕೆ ಬರುತ್ತದೆ. ಆದರೆ ನಿಂತು ಅಡುಗೆ ಮಾಡುವುದು, ಕುಳಿತು ಹೂ ಕಟ್ಟುವುದು ದಣಿವು ತಂದರೂ ಹೃದಯಕ್ಕೆ ವ್ಯಾಯಾಮವಾಗುವುದಿಲ್ಲ.

ಪ್ರಶ್ನೆ: ತೆಳ್ಳಗಿರುವವರಿಗೆ ಕೊಲೆಸ್ಟರಾಲ್ ಇರುವುದಿಲ್ಲವಲ್ಲವೇ?
ಉತ್ತರ: ಇರಬಹುದು. ವಂಶಪಾರಂಪರ್ಯ ಕಾರಣಗಳಿಂದ ಹಾಗೂ ಥೈರಾಯ್ಡ್ ಕೊರತೆಯಿಂದ ತೆಳ್ಳಗಿನವರಲ್ಲಿಯೂ ಹೆಚ್ಚಾಗುತ್ತದೆ. ಎಲ್‌ಡಿಎಲ್ 190 ಮತ್ತು ಮೇಲ್ಪಟ್ಟಿದ್ದರೆ ಮಕ್ಕಳನ್ನೂ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.

ಪ್ರಶ್ನೆ: ವ್ಯಾಯಾಮ ಆರಂಭಿಸಿದ್ದೇನೆ. ಮಾತ್ರೆ ನಿಲ್ಲಿಸಬಹುದೇ?
ಉತ್ತರ: ವೈದ್ಯರ ಸೂಚನೆಯಿಲ್ಲದೆ ನಿಲ್ಲಿಸಬಾರದು. ವರದಿ ಸರಿಬಂದಿರುವುದು ಮಾತ್ರೆಯ ಪ್ರಭಾವದಿಂದಲೂ ಆಗಿರಬಹುದು. ಸ್ಟಾಟಿನ್ ಮಾತ್ರೆ ಸೇವಿಸುವವರಿಗೆ ಕಾರಣವಿಲ್ಲದೆ ತೀವ್ರ ಮೈಕೈ ನೋವು ಬಂದರೆ ಹಾಗೂ ಗರ್ಭ ಧರಿಸುವ ಆಲೋಚನೆಯಿದ್ದರೆ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಕೊಳಕ್ಕೆ ಇಳಿಯಬಹುದೇ?
ಉತ್ತರ: ಆರೋಗ್ಯದ ದೃಷ್ಟಿಯಿಂದ ಅಡ್ಡಿಯಿಲ್ಲ. ಬಟ್ಟೆ ಅಥವಾ ಪ್ಯಾಡ್ ನೀರು ಹೀರುವುದರಿಂದ ಅವು ಉಪಯೋಗಕ್ಕೆ ಬರುವುದಿಲ್ಲ. ಮುಟ್ಟಿನ ಬಟ್ಟಲು ಬಳಸುವವರು ಇಳಿಯಬಹುದು. ಉಳಿದವರು ಆ ದಿನಗಳಲ್ಲಿ ನಡಿಗೆ ಮಾಡುವುದು.

ಪ್ರಶ್ನೆ: ಹೃದಯಾಘಾತದ ಲಕ್ಷಣ ಮಹಿಳೆಯರಲ್ಲಿ ಹೇಗಿರುತ್ತದೆ?
ಉತ್ತರ: ಎದೆಯಲ್ಲಿ ಒತ್ತಿದಂತಹ ನೋವು ಮುಖ್ಯ ಲಕ್ಷಣ. ಅದರೊಡನೆ ಅಥವಾ ಅದಿಲ್ಲದೆಯೂ ಉಬ್ಬಸ, ಬೆವರು, ವಾಕರಿಕೆ, ದವಡೆ, ಬೆನ್ನು ಅಥವಾ ಭುಜದ ನೋವು, ಹಿಂದೆಂದೂ ಇಲ್ಲದ ಸುಸ್ತು ಕಾಣಿಸಿಕೊಳ್ಳಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಮಲಗುವುದು, ಕೆಲಸ ಮುಗಿಸಿ ಬೆಳಿಗ್ಗೆ ಹೋದರಾಯಿತೆಂದು ತಡಮಾಡುವುದು ಪ್ರಾಣಾಪಾಯಕ್ಕೆ ದಾರಿ. ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಗೆ ಸೇರಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷಿಸಿ, ಅಗತ್ಯವಿದ್ದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಲಕ್ಷಣ ಕಂಡ ನಂತರದ ಮೊದಲ ಗಂಟೆಗಳಲ್ಲೇ ಇದರ ಪ್ರಯೋಜನ ಹೆಚ್ಚು.

12. ನಾಗರಿಕರಲ್ಲಿ ಮನವಿ

ಮನೆಯ ಪುರುಷರ ಹಾಗೂ ಮಕ್ಕಳ ಆರೋಗ್ಯಕ್ಕೆ ನೀಡುವ ಗಮನವನ್ನು ಮಹಿಳೆಯರು ತಮ್ಮ ಆರೋಗ್ಯಕ್ಕೂ ನೀಡಬೇಕು. ವಾರಕ್ಕೆ 150 ನಿಮಿಷಗಳ ಬಿಡುವು ದೊರೆಯುವಂತೆ ಮನೆಗೆಲಸದಲ್ಲಿ ಕೈಜೋಡಿಸುವುದು ಕುಟುಂಬದ ಇತರ ಸದಸ್ಯರ ಕರ್ತವ್ಯವಾಗಿದೆ. 30 ವರ್ಷ ಮೇಲ್ಪಟ್ಟ ಮಹಿಳೆಯರು, ವಿಶೇಷವಾಗಿ ಮುಟ್ಟು ನಿಂತವರು ಹಾಗೂ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದವರು, ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡಿ ಕೊಲೆಸ್ಟರಾಲ್ ಪರೀಕ್ಷೆಯನ್ನು ಮಾಡಿಸಿಕೊಳ್ಳಲು ಕೋರಲಾಗಿದೆ. ಹೆಚ್ಚಿನ ಸಲಹೆಗೆ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸಬಹುದು.

ಸೂಚನೆ: ಇಲ್ಲಿ ನೀಡಿರುವ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ.